ಗುಲಗಂಜಿಯ ತೂಕ, ಪರಮಾಣುವಿನ ಲೆಕ್ಕ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಪಕ್ಕದಲ್ಲಿ ಹರಿಯುವ ಕಪಿಲಾ ನದಿಯು ಮುಂದೆ ತಿರುಮಕೂಡಲು ನರಸೀಪುರವನ್ನು ಮುಟ್ಟಿ ಅಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಸಂಗಮದ ಬಳಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಗುಂಜಾ ಎಂದರೆ ಗುಲಗಂಜಿ. ಸ್ವಾಮಿಯ ಕೈಯಲ್ಲಿ ಗುಲಗಂಜಿಯಿರುವುದೇ ಈ ಹೆಸರಿಗೆ ಕಾರಣ. ಕಾಶಿಗಿಂತಲೂ ಈ ಕ್ಷೇತ್ರವು ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದು ಎಂದು ಅದು ಸೂಚಿಸುತ್ತದೆಯೆಂಬುದು ಆ ಸೀಮೆಯ ಜನರ ನಂಬಿಕೆ.

ಕೆಂಪು ಮೈ, ಕಪ್ಪು ಮೂತಿಯ ಈ ಪುಟ್ಟ ಬೀಜವನ್ನು ಅಕ್ಕಸಾಲಿಗರು ತಲೆಮಾರುಗಳಿಂದ ಚಿನ್ನವನ್ನು ತೂಗಲು ಬಳಸುತ್ತಿದ್ದರು. ಒಂದು ಗುಲಗಂಜಿ ಎಂದರೆ ಒಂದು ಗ್ರಾಮಿನ ಎಂಟನೆಯ ಒಂದು ಪಾಲಿಗೆ ತುಸು ಕಡಿಮೆ. ಅಷ್ಟು ಚಿನ್ನ ಒಂದು ಮೂಗುಬಟ್ಟಿಗೂ ಸಾಲದು. ಆದರೂ ಆ ಚೂರಿನೊಳಗೆ ಇರುವ ಪರಮಾಣುಗಳನ್ನು ಬರೆದು ತೋರಿಸಬೇಕಾದರೆ ೩೬ ಎಂದು ಬರೆದು ಅದರ ಮುಂದೆ ಹತ್ತೊಂಬತ್ತು ಸೊನ್ನೆಗಳನ್ನು ಹಾಕಬೇಕು. ಅಂಥ ಒಂದೊಂದು ಪರಮಾಣುವಿನೊಳಗೂ ೭೯ ಎಲೆಕ್ಟ್ರಾನುಗಳಿವೆ. ಇಷ್ಟೊಂದು ಎಲೆಕ್ಟ್ರಾನುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗದೆ, ಎಲ್ಲ ಚಿನ್ನದ ಪರಮಾಣುಗಳಲ್ಲಿಯೂ ಒಂದೇ ಕ್ರಮದಲ್ಲಿ, ಎಂದೆಂದಿಗೂ ನೆಲೆಸಿರುವುದು ಹೇಗೆ? ಪ್ರಶ್ನೆ ದೊಡ್ಡದು. ಉತ್ತರವು ನಾಲ್ಕು ಪುಟ್ಟ ಅಂಕೆಗಳಲ್ಲಿ ಅಡಗಿದೆ. ವಿಜ್ಞಾನಿಗಳು ಅವನ್ನು ಕ್ವಾಂಟಂ ಸಂಖ್ಯೆಗಳೆಂದು ಕರೆಯುತ್ತಾರೆ.

ಬೀಳಬೇಕಾದುದು ಏಕೆ ಬೀಳಲಿಲ್ಲ?

೧೯೧೧ರಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಪರಮಾಣುವಿನ ನಡುವೆ ಅತಿ ಸಣ್ಣದೂ ಅತಿ ಭಾರವಾದುದೂ ಆದ ಬೀಜಕೇಂದ್ರವೊಂದಿದೆಯೆಂದು ತೋರಿಸಿಕೊಟ್ಟನು. ಅದು ಎಷ್ಟು ಸಣ್ಣದು? ನಂಜನಗೂಡಿನ ದೇವಾಲಯವು ಸುಮಾರು ೩೮೫ ಅಡಿ ಉದ್ದವಾಗಿದೆ. ಜಲಜನಕದ ಬೀಜಕೇಂದ್ರವನ್ನು ಒಂದು ಗುಲಗಂಜಿಯ ಗಾತ್ರಕ್ಕೆ ಹಿಗ್ಗಿಸಿ ಅದನ್ನು ಆ ದೇವಾಲಯದ ಒಂದು ತುದಿಯಲ್ಲಿ ಇಟ್ಟರೆ, ಅದರ ಏಕೈಕ ಎಲೆಕ್ಟ್ರಾನನ್ನು ಹುಡುಕಲು ಇಡೀ ದೇವಾಲಯವನ್ನು ದಾಟಿ ಸುಮಾರು ಆರುನೂರು ಅಡಿ ದೂರ ನಡೆಯಬೇಕಾಗುತ್ತದೆ. ನಡುವೆ ಇರುವುದೆಲ್ಲ ಬಯಲು.

ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ತಿರುಗುತ್ತವೆಯೆಂದು ಆಗ ಊಹಿಸಲಾಯಿತು. ಚಿತ್ರವು ಸುಂದರವಾಗಿದೆ, ಇಂದಿಗೂ ಪುಸ್ತಕಗಳ ರಕ್ಷಾಪುಟಗಳ ಮೇಲೆ ಅದನ್ನೇ ಬಿಡಿಸುತ್ತಾರೆ. ಆದರೆ ಅದು ನಿಜವಾಗಿರಲಾರದು. ವಿದ್ಯುತ್ತಿನ ಅಂಶವುಳ್ಳ ಕಣವು ಸುತ್ತು ಹಾಕತೊಡಗಿದರೆ ಬೆಳಕನ್ನು ಚೆಲ್ಲುತ್ತ ತನ್ನ ಶಕ್ತಿಯನ್ನು ಕಳೆದುಕೊಳ್ಳಲೇಬೇಕು. ಶಕ್ತಿ ಕಳೆದಂತೆಲ್ಲ ಸುತ್ತು ಕಿರಿದಾಗಬೇಕು. ಕೊನೆಗೆ ಎಲೆಕ್ಟ್ರಾನು ಬೀಜಕೇಂದ್ರದೊಳಕ್ಕೆ ಬಿದ್ದುಹೋಗಬೇಕು. ಹಾಗೆ ಬೀಳಲು ಬೇಕಾದ ಕಾಲವನ್ನು ಲೆಕ್ಕ ಹಾಕಿದರೆ, ಒಂದು ಸೆಕೆಂಡನ್ನು ಹತ್ತು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು ಮಾತ್ರ.

ಎಂದರೆ, ಗ್ರಹಗಳ ಚಿತ್ರವು ನಿಜವಾಗಿದ್ದಲ್ಲಿ ಜಗತ್ತಿನಲ್ಲಿ ಯಾವ ವಸ್ತುವೂ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಉಳಿಯುತ್ತಿರಲಿಲ್ಲ. ನಂಜನಗೂಡಿನ ಏಳು ನೆಲೆಗಳ ಗೋಪುರವು ೧೨೦ ಅಡಿ ಎತ್ತರಕ್ಕೆ ನಿಂತಿದೆ. ಅದರ ಕಲ್ಲೂ ಗಾರೆಯೂ ಕುಸಿಯದೆ ಇರುವುದಕ್ಕೆ ಶಿಲ್ಪಿಯ ಜಾಣ್ಮೆಯೊಂದೇ ಕಾರಣವಲ್ಲ. ಕಲ್ಲಿನ ಒಂದೊಂದು ಪರಮಾಣುವಿನಲ್ಲಿಯೂ ಎಲೆಕ್ಟ್ರಾನನ್ನು ಬೀಳಗೊಡದ ಯಾವುದೋ ಕಟ್ಟುಪಾಡು ಇರಬೇಕು. ಆ ಕಟ್ಟುಪಾಡು ಯಾವುದು?

ಒಲೆಯ ಬೆಂಕಿಯ ಸಾಕ್ಷ್ಯ

ಎಲೆಕ್ಟ್ರಾನನ್ನು ಕಂಡವರಾರೂ ಇಲ್ಲ. ಅದರ ಸುದ್ದಿಯನ್ನು ತರುವುದು ಬೆಳಕು. ಅಡಿಗೆಮನೆಯಲ್ಲಿ ನೀಲಿಯಾಗಿ ಉರಿಯುವ ಗ್ಯಾಸಿನ ಒಲೆಯ ಮೇಲೆ ಉಪ್ಪಿನ ಚಿಟಿಕೆ ಬಿದ್ದರೆ ಜ್ವಾಲೆಯು ಒಮ್ಮೆಗೇ ಹೊಳೆಯುವ ಹಳದಿಗೆ ತಿರುಗುವುದನ್ನು ಗೃಹಿಣಿಯರು ನೋಡಿಯೇ ಇರುತ್ತಾರೆ. ಆ ಹಳದಿಯು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನದು. ದೀಪಾವಳಿಯ ಬಾಣಬಿರುಸುಗಳಲ್ಲಿ ಕಾಣುವ ಹಸಿರು ಬೇರಿಯಂನದು, ಕಡುಗೆಂಪು ಸ್ಟ್ರಾನ್ಶಿಯಂನದು. ಒಂದೊಂದು ಧಾತುವಿಗೂ ತನ್ನದೇ ಆದ ಬಣ್ಣ.

ಈ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಮಳೆಬಿಲ್ಲಿನಂತೆ ಒಂದಕ್ಕೊಂದು ಕಲೆತ ಬಣ್ಣಗಳು ಕಾಣುವುದಿಲ್ಲ. ಬೇರೆ ಬೇರೆಯಾಗಿ ನಿಂತ ಕೆಲವೇ ಗೆರೆಗಳು ಕಾಣುತ್ತವೆ. ಇದಕ್ಕೆ ರೋಹಿತವೆಂದು ಹೆಸರು. ಎಲೆಕ್ಟ್ರಾನು ಬೇಕಾದಷ್ಟು ಶಕ್ತಿಯನ್ನು ಬೇಕಾದಂತೆ ಪಡೆಯಲು ಸಾಧ್ಯವಿದ್ದಿದ್ದರೆ ಎಲ್ಲ ಬಣ್ಣಗಳೂ ಹೊರಬರಬೇಕಾಗಿತ್ತು. ಕೆಲವು ಗೆರೆಗಳೇ ಬರುವುದೆಂದರೆ, ಎಲೆಕ್ಟ್ರಾನಿಗೆ ನಿಲ್ಲಲು ಕೆಲವು ಮೆಟ್ಟಿಲುಗಳು ಮಾತ್ರ ಉಂಟು, ಎರಡು ಮೆಟ್ಟಿಲುಗಳ ನಡುವೆ ನಿಲ್ಲುವ ಜಾಗವಿಲ್ಲ ಎಂದಾಯಿತು. ೧೯೧೩ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಈ ಮಾತನ್ನು ಧೈರ್ಯವಾಗಿ ಹೇಳಿ, ಮೆಟ್ಟಿಲುಗಳಿಗೆ ೧, ೨, ೩ ಎಂದು ಅಂಕೆಗಳನ್ನು ಹಾಕಿದನು. ಒಂದನೆಯ ಮೆಟ್ಟಿಲಿಗಿಂತ ಕೆಳಗೆ ಬೇರೆ ಮೆಟ್ಟಿಲಿಲ್ಲ. ಆದ್ದರಿಂದ ಎಲೆಕ್ಟ್ರಾನು ಬೀಳುವುದಿಲ್ಲ. ಜಲಜನಕದ ಗೆರೆಗಳು ಅವನ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡವು. ಆದರೆ ಮೆಟ್ಟಿಲುಗಳು ಏಕಿವೆ ಎಂಬುದಕ್ಕೆ ಬೋರನಲ್ಲಿ ಉತ್ತರವಿರಲಿಲ್ಲ.

ವೀಣೆ ಮತ್ತು ಮೃದಂಗ

ಉತ್ತರವನ್ನು ತಿಳಿಯಬೇಕಾದರೆ ವೀಣೆಯ ತಂತಿಯನ್ನು ನೆನೆಯುವುದು ಒಳ್ಳೆಯದು. ಎರಡೂ ತುದಿಗಳಲ್ಲಿ ಬಿಗಿದ ತಂತಿಯನ್ನು ಮೀಟಿದರೆ ಅದು ಇಡಿಯಾಗಿ ಒಂದು ಅಲೆಯಾಗಿ ಕಂಪಿಸಬಹುದು. ಎರಡು ತುಂಡಾಗಿ, ಮೂರು ತುಂಡಾಗಿಯೂ ಕಂಪಿಸಬಹುದು. ಎರಡೂವರೆ ತುಂಡಾಗಿ ಮಾತ್ರ ಸಾಧ್ಯವಿಲ್ಲ, ಏಕೆಂದರೆ ತುದಿಗಳು ಅಲುಗಾಡುವಂತಿಲ್ಲ. ಕಟ್ಟಿಹಾಕಿದ ಅಲೆಯು ಪೂರ್ಣಾಂಕಗಳನ್ನು ತಾನಾಗಿಯೇ ಹುಟ್ಟಿಸುತ್ತದೆ. ಎಲೆಕ್ಟ್ರಾನಿಗೂ ಅಲೆಯ ಸ್ವಭಾವವಿದೆಯೆಂದು ಫ್ರಾನ್ಸಿನ ಲೂಯಿ ಡಿ ಬ್ರಾಯ್ ೧೯೨೪ರಲ್ಲಿ ಸೂಚಿಸಿದನು. ಬೀಜಕೇಂದ್ರದ ಸೆಳೆತದಲ್ಲಿ ಸಿಕ್ಕಿಬಿದ್ದ ಅಂಥ ಅಲೆಯ ಸಮೀಕರಣವನ್ನು ಆಸ್ಟ್ರಿಯಾದ ಎರ್ವಿನ್ ಶ್ರೋಡಿಂಗರ್ ೧೯೨೬ರಲ್ಲಿ ಬರೆದನು. ಬೋರನು ಹೊರಗಿನಿಂದ ಹಾಕಿದ ಅಂಕೆಗಳು ಆ ಸಮೀಕರಣದೊಳಗಿಂದ ತಾವಾಗಿಯೇ ಮೂಡಿಬಂದವು.

ತಂತಿಗೆ ಒಂದೇ ಅಂಕೆ ಸಾಕು, ಏಕೆಂದರೆ ಅದಕ್ಕಿರುವುದು ಉದ್ದ ಮಾತ್ರ. ಚರ್ಮದ ವಾದ್ಯಕ್ಕೆ ಉದ್ದ ಅಗಲ ಎರಡೂ ಇರುವುದರಿಂದ ಎರಡು ಅಂಕೆಗಳು ಬೇಕು. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಸರ್ ಸಿ. ವಿ. ರಾಮನ್. ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದ ಅವರು, ಮರುವರ್ಷವೇ ಭಾರತೀಯ ಚರ್ಮವಾದ್ಯಗಳ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಮೃದಂಗದ ಚರ್ಮದ ಮೇಲೆ ನುಣುಪಾದ ಮರಳನ್ನು ಉದುರಿಸಿ ನುಡಿಸಿದರೆ, ಕಂಪಿಸುವ ಕಡೆಗಳಿಂದ ಮರಳು ಹಾರಿ, ಅಲುಗದ ಕಡೆಗಳಲ್ಲಿ ಗೆರೆಯಾಗಿ ಕೂಡುತ್ತದೆ. ಕೆಲವು ಗೆರೆಗಳು ಚರ್ಮವನ್ನು ನಡುವೆ ಸೀಳುವ ವ್ಯಾಸಗಳು, ಕೆಲವು ಒಳಗೊಳಗಿನ ವೃತ್ತಗಳು. ವ್ಯಾಸಗಳೆಷ್ಟು, ವೃತ್ತಗಳೆಷ್ಟು ಎಂದು ಎಣಿಸಿದರೆ ಆ ಕಂಪನದ ಗುರುತು ಪೂರ್ತಿಯಾಯಿತು.

ಇನ್ನೊಂದು ಸೋಜಿಗವೂ ಇದೆ. ಬರಿಯ ಚರ್ಮವನ್ನು ಬಡಿದರೆ ಬರುವುದು ಸದ್ದು ಮಾತ್ರ. ಮೃದಂಗದ ನಡುವೆ ಬಳಿಯುವ ಕಪ್ಪು ಕರಣೆಯ ದೆಸೆಯಿಂದ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಾಗಿ ಹೊಂದಿಕೊಳ್ಳುತ್ತವೆಯೆಂದು ರಾಮನ್ ಕಂಡುಕೊಂಡರು. ಎರಡು ವ್ಯಾಸಗಳ ಕಂಪನವೂ ಒಂದು ವೃತ್ತದ ಕಂಪನವೂ ರೂಪದಲ್ಲಿ ಬೇರೆ; ಆದರೆ ಸ್ವರ ಒಂದೇ. ಜಲಜನಕದ ಪರಮಾಣುವಿನಲ್ಲಿಯೂ ಇದಕ್ಕೆ ಹೋಲುವ ಸಂಗತಿಯೊಂದುಂಟು: ರೂಪ ಬೇರೆಯಾದರೂ ಶಕ್ತಿ ಒಂದೇ ಆಗಿರುವ ಅಲೆಗಳು ಅಲ್ಲಿ ಒಂದೇ ನೆಲೆಯಲ್ಲಿ ಕೂಡಿ ಬಾಳುತ್ತವೆ.

ನಾಲ್ಕು ಅಂಕೆಗಳ ವಿಳಾಸ

ಪರಮಾಣುವಿಗೆ ಉದ್ದ, ಅಗಲ, ಎತ್ತರ ಮೂರೂ ಉಂಟು. ಆದುದರಿಂದ ಅದರೊಳಗಿನ ಅಲೆಗೆ ಮೂರು ಅಂಕೆಗಳು ಬೇಕು. ಇಂಥ ಒಂದೊಂದು ಅಲೆಯ ರೂಪಕ್ಕೂ ಆರ್ಬಿಟಲ್ ಎಂಬ ಹೆಸರನ್ನು ಅಮೆರಿಕದ ರಾಬರ್ಟ್ ಮುಲಿಕನ್ ೧೯೩೨ರಲ್ಲಿ ಕೊಟ್ಟನು. ಕನ್ನಡದಲ್ಲಿ ಅದನ್ನು ಕಕ್ಷಕವೆಂದು ಕರೆಯುವುದುಂಟು. ಕಕ್ಷೆಯೆಂದರೆ ಹಾದಿ. ಕಕ್ಷಕವು ಹಾದಿಯಲ್ಲ, ನೆಲಸುವ ಎಡೆ. ಈ ಭೇದವನ್ನು ಮರೆಯತಕ್ಕದ್ದಲ್ಲ.

ಮೊದಲನೆಯದು ಪ್ರಧಾನ ಸಂಖ್ಯೆ: ೧, ೨, ೩ ಹೀಗೆ. ಇದು ಎಲೆಕ್ಟ್ರಾನು ಯಾವ ನೆಲೆಯಲ್ಲಿದೆ, ಅದರ ಹರವು ಎಷ್ಟು ಎಂಬುದನ್ನು ತಿಳಿಸುತ್ತದೆ.

ಎರಡನೆಯದು ಆಕಾರದ ಸಂಖ್ಯೆ. ಒಂದನೆಯ ನೆಲೆಯಲ್ಲಿ ಇದು ಸೊನ್ನೆ ಮಾತ್ರ. ಎರಡನೆಯದರಲ್ಲಿ ಸೊನ್ನೆ ಅಥವಾ ೧. ಮೂರನೆಯದರಲ್ಲಿ ೨ರ ವರೆಗೆ. ಸೊನ್ನೆಗೆ ಎಸ್, ಒಂದಕ್ಕೆ ಪಿ, ಎರಡಕ್ಕೆ ಡಿ, ಮೂರಕ್ಕೆ ಎಫ್ ಎಂಬ ಅಕ್ಷರಗಳನ್ನು ಹಿಂದಿನ ರೋಹಿತಶಾಸ್ತ್ರಜ್ಞರು ತಾವು ಕಂಡ ಗೆರೆಗಳ ಲಕ್ಷಣವನ್ನು ನೋಡಿ ಇಟ್ಟಿದ್ದರು, ಅವೇ ಉಳಿದುಕೊಂಡವು. ಎಸ್ ಕಕ್ಷಕವು ಚೆಂಡಿನಂತೆ ಎಲ್ಲ ಕಡೆಗೂ ಸಮನಾಗಿ ಹರಡಿದೆ. ಪಿ ಕಕ್ಷಕವು ಶಿವನ ಡಮರುವಿನಂತೆ: ಎರಡು ಕಡೆ ಉಬ್ಬು, ನಡುವೆ ಸಣ್ಣ ಸೊಂಟ. ಆ ಸೊಂಟದ ಅಡ್ಡಪಾತಳಿಯಲ್ಲಿ ಎಲೆಕ್ಟ್ರಾನು ಎಂದೂ ಸಿಗುವುದಿಲ್ಲ. ಮೃದಂಗದ ಮೇಲೆ ಮರಳು ಕೂಡುವ ಗೆರೆಗೆ ಸಮನಾದ ತಾಣವದು. ಡಿ ಕಕ್ಷಕಗಳಲ್ಲಿ ಬಹುಮಟ್ಟಿಗೆ ನಾಲ್ಕು ಎಸಳುಗಳಿರುತ್ತವೆ.

ಮೂರನೆಯದು ದಿಕ್ಕಿನ ಸಂಖ್ಯೆ. ಚೆಂಡಿಗೆ ದಿಕ್ಕಿಲ್ಲವಾದ್ದರಿಂದ ಎಸ್ ಒಂದೇ. ಡಮರುವನ್ನು ಮೂರು ದಿಕ್ಕುಗಳಲ್ಲಿ ಹಿಡಿಯಬಹುದಾದ್ದರಿಂದ ಪಿ ಮೂರು. ಡಿ ಐದು, ಎಫ್ ಏಳು. ದೀಪವನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟರೆ ಒಂದು ಗೆರೆಯು ಹಲವಾಗಿ ಒಡೆಯುವುದನ್ನು ಹಾಲೆಂಡಿನ ಪೀಟರ್ ಜೀಮನ್ ೧೮೯೬ರಲ್ಲಿಯೇ ಕಂಡಿದ್ದನು. ದಿಕ್ಕಿನ ಸಂಖ್ಯೆಗೆ ಸಾಕ್ಷಿ ದೊರೆತದ್ದು ಅಲ್ಲಿ.

ಇಷ್ಟಾದರೂ ಲೆಕ್ಕವು ತುಸು ತಪ್ಪುತ್ತಲೇ ಇತ್ತು. ಉಪ್ಪಿನ ಹಳದಿ ಬೆಳಕನ್ನೇ ತೆಗೆದುಕೊಂಡರೆ, ಒಳ್ಳೆಯ ಉಪಕರಣದಲ್ಲಿ ಅದು ಒಂದು ಗೆರೆಯಲ್ಲ, ಎರಡು. ಒಂದರ ಅಲೆಯುದ್ದ ೫೮೯.೦ ನ್ಯಾನೋಮೀಟರ್, ಇನ್ನೊಂದರದು ೫೮೯.೬. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಎರಡು ಗೆರೆಗಳ ನಡುವಣ ಅಂತರ ಸಾವಿರದಲ್ಲಿ ಒಂದು ಪಾಲು. ಅಕ್ಕಸಾಲಿಗನ ಮಾತಿನಲ್ಲಿ ಹೇಳುವುದಾದರೆ, ಹತ್ತು ತೊಲ ಚಿನ್ನದಲ್ಲಿ ಹೆಚ್ಚುಕಡಿಮೆ ಒಂದು ಗುಲಗಂಜಿ. ಅಷ್ಟನ್ನು ಕಡೆಗಣಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕಡೆಗಣಿಸದಿದ್ದುದರಿಂದ ನಾಲ್ಕನೆಯ ಅಂಕೆ ಸಿಕ್ಕಿತು. ೧೯೨೫ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಹಾಲೆಂಡಿನ ಇಬ್ಬರು ತರುಣರು ಎಲೆಕ್ಟ್ರಾನಿಗೆ ತನ್ನದೇ ಆದ ಗಿರಕಿಯೊಂದಿದೆಯೆಂದರು. ಅದರ ಬೆಲೆ ಕೂಡು ಅರ್ಧ ಅಥವಾ ಕಳೆ ಅರ್ಧ, ಎರಡೇ. ಬುಗುರಿ ತಿರುಗಿದಂತೆ ಅದು ತಿರುಗುತ್ತದೆಯೆಂಬ ಮೊದಲಿನ ಕಲ್ಪನೆ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು. ಸೋಡಿಯಂನ ಹೊರಗಿನ ಎಲೆಕ್ಟ್ರಾನು ಕಾವಿನಿಂದ ಎಸ್‌ನಿಂದ ಪಿಗೆ ಏರುತ್ತದೆ. ಅಲ್ಲಿ ಅದರ ಗಿರಕಿಯು ಅಲೆಯ ಸುತ್ತಾಟದೊಡನೆ ಹೊಂದಿಕೊಂಡಿದ್ದರೆ ಒಂದು ಶಕ್ತಿ, ಎದುರಾಗಿದ್ದರೆ ಇನ್ನೊಂದು. ಹಿಂದಕ್ಕೆ ಇಳಿಯುವಾಗ ಎರಡು ಹಳದಿಗಳು ಹೊರಬರುತ್ತವೆ.

ಒಂದು ಮನೆ, ಒಬ್ಬ ಒಕ್ಕಲು

ಅದೇ ೧೯೨೫ರಲ್ಲಿ ವೋಲ್ಫ್‌ಗಾಂಗ್ ಪೌಲಿಯು ಒಂದು ನಿಯಮವನ್ನು ಸಾರಿದನು: ಒಂದು ಪರಮಾಣುವಿನಲ್ಲಿ ನಾಲ್ಕು ಅಂಕೆಗಳೂ ಒಂದೇ ಆಗಿರುವ ಎರಡು ಎಲೆಕ್ಟ್ರಾನುಗಳು ಇರಕೂಡದು. ಒಂದು ವಿಳಾಸಕ್ಕೆ ಒಬ್ಬನೇ ಒಕ್ಕಲು.

ಈ ಸಣ್ಣ ವಾಕ್ಯದ ಮೇಲೆ ರಸಾಯನಶಾಸ್ತ್ರವೆಲ್ಲ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ. ಒಂದನೆಯ ನೆಲೆಯಲ್ಲಿ ಒಂದೇ ಕಕ್ಷಕ. ಗಿರಕಿ ಎರಡು ಬಗೆಯಾದ್ದರಿಂದ ಎರಡು ಎಲೆಕ್ಟ್ರಾನುಗಳಿಗೆ ಸ್ಥಳ. ಎರಡನೆಯ ನೆಲೆಯಲ್ಲಿ ಎಸ್ ಒಂದು, ಪಿ ಮೂರು. ಒಟ್ಟು ನಾಲ್ಕು ಕಕ್ಷಕಗಳು, ಎಂಟು ಸ್ಥಳಗಳು. ಮೂರನೆಯದರಲ್ಲಿ ಹದಿನೆಂಟು, ನಾಲ್ಕನೆಯದರಲ್ಲಿ ಮೂವತ್ತೆರಡು. ಸೋಡಿಯಂನ ಹನ್ನೊಂದು ಎಲೆಕ್ಟ್ರಾನುಗಳಲ್ಲಿ ಎರಡು ಮೊದಲ ನೆಲೆಯನ್ನೂ ಎಂಟು ಎರಡನೆಯ ನೆಲೆಯನ್ನೂ ತುಂಬಿಬಿಡುತ್ತವೆ. ಉಳಿದ ಒಂದಕ್ಕೆ ಕೆಳಗೆ ಸ್ಥಳವಿಲ್ಲ. ಅದು ಮೂರನೆಯ ನೆಲೆಯಲ್ಲಿ ಒಂಟಿಯಾಗಿ ಇರಬೇಕು. ಕ್ಲೋರೀನಿನ ಹದಿನೇಳರಲ್ಲಿ ಏಳು ಮೂರನೆಯ ನೆಲೆಯಲ್ಲಿವೆ. ಅಲ್ಲಿಯ ಎಸ್ ಮತ್ತು ಪಿ ತುಂಬಲು ಇನ್ನೊಂದು ಬೇಕು. ಒಂದರ ಹೆಚ್ಚು ಇನ್ನೊಂದರ ಕೊರತೆಯನ್ನು ತುಂಬುತ್ತದೆ. ಹೀಗೆ ನೀರಿಗೆ ಬಿದ್ದರೆ ಭಗ್ಗನೆ ಹೊತ್ತಿಕೊಳ್ಳುವ ಲೋಹವೂ ಉಸಿರಿಗೆ ವಿಷವಾದ ಅನಿಲವೂ ಕೂಡಿ ಊಟದ ಎಲೆಯ ತುದಿಯಲ್ಲಿ ಬಡಿಸುವ ಉಪ್ಪಾಗುತ್ತವೆ.

ನಂಜನಗೂಡಿನ ಗೋಪುರದಂತೆ ಧಾತುಗಳ ಆವರ್ತ ಕೋಷ್ಟಕಕ್ಕೂ ಏಳೇ ಸಾಲುಗಳು. ಗೋಪುರದ ನೆಲೆಗಳು ಮೇಲೇರಿದಂತೆ ಕಿರಿದಾಗುತ್ತವೆ. ಇಲ್ಲಿ ಸಾಲುಗಳು ಕೆಳಗಿಳಿದಂತೆ ಹಿರಿದಾಗುತ್ತವೆ. ೨, ೮, ೮, ೧೮, ೧೮, ೩೨, ೩೨. ಕೂಡಿಸಿದರೆ ೧೧೮. ಕೊನೆಯ ಧಾತುವಾದ ಒಗನೆಸಾನಿಗೆ ೨೦೧೬ರಲ್ಲಿ ಹೆಸರಿಟ್ಟಾಗ ಏಳನೆಯ ಸಾಲು ಭರ್ತಿಯಾಯಿತು. ಮೂರನೆಯ ಸಾಲು ಹದಿನೆಂಟರ ಬದಲು ಎಂಟಕ್ಕೇ ನಿಲ್ಲುವುದೇಕೆಂದು ಕೇಳಬಹುದು. ಮೂರನೆಯ ನೆಲೆಯ ಐದು ಡಿ ಕಕ್ಷಕಗಳು ಬರಿದಾಗಿದ್ದರೂ ಎಲೆಕ್ಟ್ರಾನು ಮೊದಲು ನಾಲ್ಕನೆಯ ನೆಲೆಯ ಎಸ್‌ಗೆ ಹೋಗುತ್ತದೆ. ಎಸ್‌ನ ಅಲೆಯು ಬೀಜಕೇಂದ್ರದ ತೀರ ಬಳಿಗೂ ನುಗ್ಗುವುದರಿಂದ ಅಲ್ಲಿ ಸೆಳೆತ ಹೆಚ್ಚು, ಶಕ್ತಿಯ ಖರ್ಚು ಕಡಿಮೆ. ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಹೀಗೆ ಮುಂದಿನ ಸಾಲಿಗೆ ಸೇರುತ್ತವೆ.

ಚಿನ್ನದ ಬಣ್ಣಕ್ಕೂ ಇದೇ ಲೆಕ್ಕ ಕಾರಣ. ೭೯ ಪ್ರೋಟಾನುಗಳ ಸೆಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಆಗ ಐನ್‌ಸ್ಟೈನನ ಸಾಪೇಕ್ಷತಾ ನಿಯಮವು ಕೈಹಾಕಿ ಎಸ್ ಕಕ್ಷಕಗಳನ್ನು ಒಳಕ್ಕೆ ಕುಗ್ಗಿಸುತ್ತದೆ; ಡಿ ಕಕ್ಷಕಗಳಿಗೂ ಅವಕ್ಕೂ ಇರುವ ಅಂತರ ಕಿರಿದಾಗುತ್ತದೆ. ಅದರಿಂದ ಚಿನ್ನವು ನೀಲಿ ಬೆಳಕನ್ನು ನುಂಗಿ ಹಳದಿಯನ್ನು ಹಿಂದಿರುಗಿಸುತ್ತದೆ. ಇದಿಲ್ಲದಿದ್ದರೆ ಮದುಮಗಳ ಸರವು ಬೆಳ್ಳಿಯಂತೆ ಬೆಳ್ಳಗೆ ಕಾಣುತ್ತಿತ್ತು.

ಗೋಪುರ ಏಕೆ ಕುಸಿಯುವುದಿಲ್ಲವೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ. ಎಲೆಕ್ಟ್ರಾನು ಬೀಜಕೇಂದ್ರಕ್ಕೆ ಬೀಳದಿರುವುದು ಅಲೆಯ ಸ್ವಭಾವದಿಂದ. ಎಲ್ಲ ಎಲೆಕ್ಟ್ರಾನುಗಳೂ ಕೆಳಗಿನ ಒಂದೇ ನೆಲೆಗೆ ನುಗ್ಗಿ ಕಲ್ಲು ಕುಗ್ಗಿಹೋಗದಿರುವುದು ಪೌಲಿಯ ನಿಯಮದಿಂದ. ವಸ್ತುವಿನ ಸ್ಥಿರತೆಗೆ ಈ ನಿಯಮವು ಬೇಕೇಬೇಕೆಂಬುದನ್ನು ಫ್ರೀಮನ್ ಡೈಸನ್ ಮತ್ತು ಆಂಡ್ರೂ ಲೆನಾರ್ಡ್ ೧೯೬೭ರಲ್ಲಿ ಗಣಿತದ ಕಟ್ಟುನಿಟ್ಟಿನಿಂದ ಸಾಧಿಸಿ ತೋರಿಸಿದರು.

ಬೆಂಗಳೂರಿಗೆ ಬಂದ ಅತಿಥಿ

ಕಕ್ಷಕವು ಅಲೆಯೆಂದಾಯಿತು. ಆದರೆ ಏನಿನ ಅಲೆ? ನೀರಿನದಲ್ಲ, ಗಾಳಿಯದಲ್ಲ. ಇದಕ್ಕೆ ೧೯೨೬ರಲ್ಲಿ ಉತ್ತರವಿತ್ತವನು ಜರ್ಮನಿಯ ಮ್ಯಾಕ್ಸ್ ಬಾರ್ನ್. ಅದು ಸಂಭವದ ಅಲೆ ಎಂದನು ಅವನು. ಅಲೆಯ ಪ್ರಮಾಣವನ್ನು ವರ್ಗ ಮಾಡಿದರೆ ಎಲೆಕ್ಟ್ರಾನು ಆ ಎಡೆಯಲ್ಲಿ ಸಿಗುವ ಸಂಭವ ಎಷ್ಟೆಂಬುದು ತಿಳಿಯುತ್ತದೆ. ಜಲಜನಕದ ಎಲೆಕ್ಟ್ರಾನು ಬೋರನು ಹೇಳಿದ ದೂರದಲ್ಲಿ ಇರುವ ಸಂಭವ ಹೆಚ್ಚೇನೋ ನಿಜ. ಆದರೆ ನೂರು ಸಲ ಹುಡುಕಿದರೆ ಮೂವತ್ತೆರಡು ಸಲ ಅದು ಆ ದೂರಕ್ಕಿಂತ ಒಳಗೂ ಉಳಿದ ಅರುವತ್ತೆಂಟು ಸಲ ಹೊರಗೂ ಸಿಗುತ್ತದೆ. ಮುಂದಿನ ಸಲ ಎಲ್ಲಿ ಸಿಗುವುದೆಂದು ಯಾರೂ ಹೇಳಲಾರರು. ಪುಸ್ತಕಗಳಲ್ಲಿ ಕಕ್ಷಕವನ್ನು ಮೋಡದಂತೆ ಬಿಡಿಸುವುದು ಇದೇ ಕಾರಣದಿಂದ. ಮೋಡ ದಟ್ಟವಾಗಿರುವಲ್ಲಿ ಸಂಭವ ಹೆಚ್ಚು.

ಈ ಮಹನೀಯನು ಕನ್ನಡ ನಾಡಿನಲ್ಲಿ ಕೆಲವು ತಿಂಗಳು ಬಾಳಿದನೆಂಬುದನ್ನು ಇಂದು ನೆನೆಯುವವರು ಕಡಿಮೆ. ಯೆಹೂದಿ ಮೂಲದವನೆಂಬ ಒಂದೇ ಕಾರಣಕ್ಕೆ ನಾಜಿ ಸರಕಾರವು ೧೯೩೩ರಲ್ಲಿ ಬಾರ್ನನನ್ನು ಗಟಿಂಗೆನ್ ವಿಶ್ವವಿದ್ಯಾನಿಲಯದ ಹುದ್ದೆಯಿಂದ ದೂರ ಮಾಡಿತು. ನೆಲೆ ತಪ್ಪಿದ ವಿದ್ವಾಂಸನನ್ನು ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. ೧೯೩೫ರ ಕೊನೆಯಿಂದ ೧೯೩೬ರ ವಸಂತದ ವರೆಗೆ ಪತ್ನಿ ಹೆಡ್ವಿಗ್‌ಳೊಡನೆ ಅವನು ವಿಜ್ಞಾನ ಮಂದಿರದ ಅತಿಥಿಯಾಗಿದ್ದನು. ಅವನನ್ನು ಅಲ್ಲಿಯೇ ಕಾಯಂ ಪ್ರಾಧ್ಯಾಪಕನನ್ನಾಗಿ ನಿಲ್ಲಿಸಿಕೊಳ್ಳಬೇಕೆಂಬುದು ರಾಮನ್ನರ ಆಸೆ. ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನನು ಎಡಿನ್‌ಬರೋಗೆ ಹೋದನು. ಅಲೆಗೆ ಕೊಟ್ಟ ಆ ವ್ಯಾಖ್ಯಾನಕ್ಕಾಗಿ ೧೯೫೪ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಾಗ, ಬೆಂಗಳೂರು ಕಳೆದುಕೊಂಡುದು ಏನೆಂಬುದು ಎಲ್ಲರಿಗೂ ತಿಳಿಯಿತು.

ಸೆಂಟ್ರಲ್ ಕಾಲೇಜಿನ ಗೆರೆಗಳು

ಅತಿಥಿಯು ಬಂದ ೧೯೩೫ರಲ್ಲಿಯೇ ಬೆಂಗಳೂರಿನ ಇನ್ನೊಂದು ಕಡೆ, ಹೆಚ್ಚು ಸದ್ದಿಲ್ಲದೆ, ಕನ್ನಡಿಗರ ಕೆಲಸವೊಂದು ನಡೆಯಿತು. ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿಯ ಭೌತಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಬಿ. ವೆಂಕಟೇಶಾಚಾರ್ಯರೂ ಎಲ್. ಸೀಬಯ್ಯನವರೂ ರೋಹಿತದ ಗೆರೆಗಳನ್ನು ವರ್ಷಗಳಿಂದ ಪರೀಕ್ಷಿಸುತ್ತಿದ್ದರು. ಅವರು ಆರಿಸಿಕೊಂಡ ಧಾತುಗಳಲ್ಲಿ ಇರಿಡಿಯಂ ಒಂದು. ಹಿಂದಿನ ಫೌಂಟನ್ ಪೆನ್ನುಗಳ ನಿಬ್ಬಿನ ತುದಿ ಸವೆಯದಿರಲೆಂದು ಬಳಸುತ್ತಿದ್ದ ಗಟ್ಟಿ ಲೋಹವದು. ೭೭ ಎಲೆಕ್ಟ್ರಾನುಗಳ ಧಾತು.

ಒಂದು ಗೆರೆಯೆಂದು ತೋರುವುದನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದರೆ ಅದರೊಳಗೆ ಮತ್ತೆ ಎಳೆಗಳಿರುತ್ತವೆ. ಎರಡು ಕಾರಣಗಳಿಂದ ಹಾಗಾಗಬಹುದು. ಒಂದು, ಬೀಜಕೇಂದ್ರಕ್ಕೂ ತನ್ನದೇ ಗಿರಕಿಯಿದ್ದು ಅದು ಎಲೆಕ್ಟ್ರಾನಿನ ಲೆಕ್ಕಕ್ಕೆ ಮತ್ತೊಂದು ಅಂಕೆಯನ್ನು ಸೇರಿಸುತ್ತದೆ. ಇನ್ನೊಂದು, ಒಂದೇ ಧಾತುವಿನಲ್ಲಿ ತೂಕ ಬೇರೆಯಾದ ಪರಮಾಣುಗಳು ಬೆರೆತಿರಬಹುದು. ಇವಕ್ಕೆ ಸಮಸ್ಥಾನಿಗಳೆಂದು ಹೆಸರು. ಬೀಜಕೇಂದ್ರದ ಗಾತ್ರವು ತುಸು ಬೇರೆಯಾದರೆ, ಅದರ ಒಳಹೊಕ್ಕು ಬರುವ ಎಸ್ ಎಲೆಕ್ಟ್ರಾನಿನ ಶಕ್ತಿಯೂ ತುಸು ಬೇರೆಯಾಗಿ, ಗೆರೆಯು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ.

ಇರಿಡಿಯಂನ ಗೆರೆಗಳಲ್ಲಿ ಇಂಥ ಎಳೆಗಳನ್ನು ಬಿಡಿಸಿ ಅಳೆದು, ಆ ಧಾತುವಿನಲ್ಲಿ ೧೯೧ ಮತ್ತು ೧೯೩ ಎಂಬ ತೂಕದ ಎರಡು ಸಮಸ್ಥಾನಿಗಳಿವೆಯೆಂದು ಅವರು ತೀರ್ಮಾನಿಸಿದರು. ಮೊದಲನೆಯದು ಒಂದು ಪಾಲು, ಎರಡನೆಯದು ಎರ‍ಡು ಪಾಲು ಎಂದು ಅಂದಾಜು ಮಾಡಿದರು. ರಾಮನ್ ೧೯೩೪ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆ ಪ್ರಬಂಧವು ೧೯೩೫ರಲ್ಲಿ ಅಚ್ಚಾಯಿತು. ಪರಮಾಣುಗಳನ್ನು ನೇರವಾಗಿ ತೂಗುವ ಉಪಕರಣಗಳು ಬಳಿಕ ಆ ಎರಡು ಸಮಸ್ಥಾನಿಗಳನ್ನೂ ಖಚಿತಪಡಿಸಿದವು. ಇಂದಿನ ಲೆಕ್ಕದಲ್ಲಿ ನೂರು ಇರಿಡಿಯಂ ಪರಮಾಣುಗಳಲ್ಲಿ ಸುಮಾರು ಮೂವತ್ತೇಳು ೧೯೧ರ ತೂಕದವು, ಅರುವತ್ತಮೂರು ೧೯೩ರವು. ಸಮಸ್ಥಾನಿಗಳ ಶೋಧದ ಚರಿತ್ರೆಯಲ್ಲಿ ಇರಿಡಿಯಂನ ಹೆಸರಿನ ಮುಂದೆ ಇಂದಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು ಬರುತ್ತದೆ. ದೊಡ್ಡ ಯಂತ್ರವಾಗಲಿ ಹೇರಳ ಹಣವಾಗಲಿ ಅದಕ್ಕೆ ಬೇಕಾಗಲಿಲ್ಲ. ಗುಲಗಂಜಿಯಷ್ಟರ ಹೆಚ್ಚುಕಡಿಮೆಯನ್ನು ಬಿಡದೆ ಅಳೆಯುವ ತಾಳ್ಮೆ ಬೇಕಾಯಿತು.

ಬಾಯಿಪಾಠದ ಆಚೆ

ನಂಜನಗೂಡಿನಲ್ಲಿಯೂ ನರಸೀಪುರದಲ್ಲಿಯೂ ಪದವಿಪೂರ್ವ ತರಗತಿಯ ವಿಜ್ಞಾನದ ವಿದ್ಯಾರ್ಥಿಗಳು ಪ್ರತಿವರ್ಷವೂ ಈ ಅಂಕೆಗಳನ್ನು ಕಲಿಯುತ್ತಾರೆ. ಸೋಡಿಯಂಗೆ ಎರಡು, ಎಂಟು, ಒಂದು. ಕ್ಲೋರೀನಿಗೆ ಎರಡು, ಎಂಟು, ಏಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಂಕೆಗಳು ಎಲ್ಲಿಂದ ಬಂದವೆಂಬುದನ್ನು ತಿಳಿಯದೆ ಕಲಿತರೆ ಅವು ಯಾರೋ ದೂರದೇಶದವರು ವಿಧಿಸಿದ ಅಪ್ಪಣೆಗಳಂತೆ ತೋರುತ್ತವೆ. ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತವೆ. ಅವು ಅಪ್ಪಣೆಗಳಲ್ಲ. ಬೆಳಕಿನ ಗೆರೆಗಳನ್ನು ಅಳೆದು ಅಳೆದು ಮನುಷ್ಯರು ಓದಿಕೊಂಡ ಲೆಕ್ಕ. ಆ ಓದಿನಲ್ಲಿ ಈ ನಾಡಿನವರ ಪಾಲೂ ಇದೆ.

ಓದಿನ ಫಲವನ್ನು ಮನೆಮನೆಯೂ ಉಣ್ಣುತ್ತಿದೆ. ನಗರಗಳ ಬೀದಿಗಳಲ್ಲಿ ಬಹುಕಾಲ ಬೆಳಗಿದ ಹಳದಿ ದೀಪಗಳಲ್ಲಿ ಇದ್ದುದು ಸೋಡಿಯಂ ಆವಿ. ಅವುಗಳ ಜಾಗಕ್ಕೆ ಬರುತ್ತಿರುವ ಎಲ್‌ಇಡಿ ದೀಪಗಳಲ್ಲಿಯೂ ಬೆಳಕು ಹುಟ್ಟುವುದು ಎಲೆಕ್ಟ್ರಾನು ಒಂದು ನೆಲೆಯಿಂದ ಇನ್ನೊಂದಕ್ಕೆ ಇಳಿದಾಗಲೇ. ಆಸ್ಪತ್ರೆಯ ಎಂಆರ್‌ಐ ಯಂತ್ರವು ದೇಹದ ನೀರಿನಲ್ಲಿರುವ ಜಲಜನಕದ ಬೀಜಕೇಂದ್ರಗಳ ಗಿರಕಿಯನ್ನು ಕೇಳಿ ಒಳಗಿನ ಚಿತ್ರವನ್ನು ಬರೆಯುತ್ತದೆ. ವೆಂಕಟೇಶಾಚಾರ್ಯರೂ ಸೀಬಯ್ಯನವರೂ ಇರಿಡಿಯಂನ ಎಳೆಗಳಲ್ಲಿ ಹುಡುಕುತ್ತಿದ್ದುದು ಇದೇ ಬಗೆಯ ಗಿರಕಿಯನ್ನು.

ಮಕ್ಕಳು ಎರಡು, ಎಂಟು, ಒಂದು ಎಂದು ಉರುಹೊಡೆಯುವಾಗ ಹಿರಿಯರು ಅವರನ್ನು ಒಮ್ಮೆ ಒಲೆಯ ಬಳಿಗೆ ಕರೆದು, ನೀಲಿ ಜ್ವಾಲೆಗೆ ಉಪ್ಪಿನ ಹರಳೊಂದನ್ನು ಹಾಕಿ ತೋರಿಸಬಹುದು. ಆ ಕೊನೆಯ ಒಂದು ಎಂಬ ಅಂಕೆಯೇ ಅಲ್ಲಿ ಹಳದಿಯಾಗಿ ಉರಿಯುತ್ತಿರುತ್ತದೆ.